ಕೈ ಎತ್ತಬಾರದೆಂದು ಕಲಿಸುವ ಹಾಲಸ್ವಾಮಿ

ಮೊದಲಿಗೆ ಓದುಗರು ಕ್ಷಮಿಸಬೇಕು. ಫುಟ್‌ಬಾಲ್ ಬಗ್ಗೆ ಬರೆಯುವಷ್ಟು ತಿಳಿವಳಿಕೆ ನನಗಿಲ್ಲ. ಆಫ್‌ಸೈಡ್ ಎಂದರೇನೆಂದು ಹಾಲಸ್ವಾಮಿಯವರು ನೆಲದ ಮೇಲೆ ಕಲ್ಲಿಟ್ಟು ಮೂರು ಸಲ ಹೇಳಿಕೊಟ್ಟರು. ನಾಲ್ಕನೇ ಸಲ ಕೇಳಲು ನಾಚಿಕೆಯಾಗಿ ಗೊತ್ತಾಯಿತು ಎಂದುಬಿಟ್ಟೆ. ಅದಕ್ಕಿಂತ ಹೆಚ್ಚಾಗಿ, ಒಬ್ಬರು ಇಪ್ಪತ್ತೊಂಬತ್ತು ವರ್ಷ ಒಳಗೇ ಇಟ್ಟುಕೊಂಡದ್ದನ್ನು ಭಾನುವಾರದ ಪುರವಣಿಗೆ ತರುವುದು ಸರಿಯೇ ಎಂಬ ಅಳುಕು ಈಗಲೂ ಇದೆ. ಬರೆಯಿರಿ ಎಂದು ಅವರೇ ಹೇಳಿದ್ದಾರೆ. ನನಗಿರುವ ಧೈರ್ಯ ಅಷ್ಟೇ.

ಬೆಳಗಿನ ಐದೂವರೆ. ದಾವಣಗೆರೆಯ ಸರಸ್ವತಿ ನಗರದಾಚೆಯ ಖಾಲಿ ಬಯಲಿನಲ್ಲಿ ಹದಿನಾಲ್ಕು ಜನ ಕಾಲೇಜು ಹುಡುಗಿಯರು ಎರಡೂ ಕೈ ಚಾಚಿ ಸಾಲಾಗಿ ನಿಂತಿದ್ದಾರೆ. ಐವತ್ತೆಂಟರ ಹಾಲಸ್ವಾಮಿ ಬಟ್ಟೆ ಚೀಲದಿಂದ ಒಬ್ಬೊಬ್ಬರ ಅಂಗೈಗೂ ಮಂಡಕ್ಕಿ ಸುರಿಯುತ್ತಾರೆ. ಮುಷ್ಟಿಗಳು ಮುಚ್ಚಿಕೊಳ್ಳುತ್ತವೆ. ಇನ್ನು ನಲವತ್ತು ನಿಮಿಷ ಎದುರಾಳಿಯನ್ನು ತಡೆಯುವ ಅಭ್ಯಾಸವೆಲ್ಲ ಹೀಗೇ. ಅಂಗಿ ಹಿಡಿದು ಎಳೆದರೆ ಮಂಡಕ್ಕಿ ಚೆಲ್ಲುತ್ತದೆ. ಆಫ್‌ಸೈಡ್ ಎಂದು ರೆಫ್ರಿಗೆ ತೋರಿಸಲು ಬೆರಳು ಬಿಡಿಸಿ ಕೈ ಎತ್ತಿದರೂ ಚೆಲ್ಲುತ್ತದೆ. ಸಿಟ್ಟಿನಿಂದ ಮುಷ್ಟಿ ಬಿಗಿದರೆ ಪುಡಿಯಾಗುತ್ತದೆ.

“ಚೆಲ್ಲಬಾರ್ದು, ಪುಡಿನೂ ಆಗಬಾರ್ದು. ಡಿಫೆನ್ಸ್ ಅಂದ್ರ ಇಷ್ಟೇ ನೋಡ್ರವ್ವ.”

“ಸರ್, ಒಗ್ಗರಣೆ ಹಾಕಿ ಕೊಟ್ರ ಒಂದು ಕಾಳೂ ಚೆಲ್ಲಂಗಿಲ್ಲ,” ಎನ್ನುತ್ತಾಳೆ ಪದ್ಮಶ್ರೀ. ಹಾಸ್ಟೆಲ್‌ನಲ್ಲಿದ್ದು ಓದುವ ಲೋಕಿಕೆರೆಯ ಹುಡುಗಿ.

“ಮೊದ್ಲು ನಿನ್ನೆದುರು ಆಡೋ ಆಶಾನ್ನ ತಡಿ. ಆಮೇಲೆ ಮಿರ್ಚಿನೂ ಕೊಡಿಸ್ತೀನಿ.”

ಈ ಮಂಡಕ್ಕಿ ಹಾಲಸ್ವಾಮಿ ಕೆಲಸ ಮಾಡುವ ಮಂಡಕ್ಕಿ ಭಟ್ಟಿಯದು. ಒಂಬತ್ತಕ್ಕೆ ಅಲ್ಲಿ ಹಾಜರಿದ್ದು ಸಂಜೆಯವರೆಗೆ ಚೀಲ ತೂಗುತ್ತಾರೆ. ಆರು ವರ್ಷದಿಂದ ಈ ತಂಡದ ಡಿಫೆನ್ಸ್ ಕೋಚ್, ಇದಕ್ಕೆ ಸಂಬಳವಿಲ್ಲ. ಕಳೆದ ವರ್ಷ ಒಂಬತ್ತು ಪಂದ್ಯಗಳಲ್ಲಿ ಹುಡುಗಿಯರು ಬಿಟ್ಟುಕೊಟ್ಟದ್ದು ನಾಲ್ಕೇ ಗೋಲು. ತಂಡದ ಫೋಟೊದಲ್ಲಿ ಮುಖ್ಯ ಕೋಚ್ ಇದ್ದಾರೆ, ಇವರಿಲ್ಲ.

“ಗೋಲು ಹೊಡದೋರ ಹೆಸರು ಬರ್ತೈತೆ. ತಡದೋರದ್ದು ಬರದಿದ್ರೇನೇ ಚಲೋ. ಡಿಫೆಂಡರ್ ಹೆಸರು ಬಂತು ಅಂದ್ರ ಏನೋ ತಪ್ಪು ಮಾಡ್ಯಾನ ಅಂತ ಅರ್ಥ ರೀ.”

ದಾವಣಗೆರೆ ಪಕ್ಕದ ಬಾತಿ ಎಂಬ ಹಳ್ಳಿಯಲ್ಲಿ ಬರಿಗಾಲಲ್ಲಿ ಆಡುತ್ತಿದ್ದ ಅವರನ್ನು ಹರಿಹರದ ಕಾರ್ಖಾನೆಯೊಂದು ಹತ್ತೊಂಬತ್ತನೇ ವಯಸ್ಸಿಗೆ ತನ್ನ ತಂಡಕ್ಕೆ ಸೇರಿಸಿಕೊಂಡಿತು. ಆಟದ ಬಲದ ಮೇಲೆ ಕೆಲಸವೂ ಸಿಕ್ಕಿತು. ಹತ್ತು ವರ್ಷ ಸ್ಟಾಪರ್ ಆಗಿದ್ದರು, ಅಂದರೆ ಗೋಲ್‌ಕೀಪರ್‌ಗಿಂತ ಮುಂಚೆ ಕೊನೆಯದಾಗಿ ತಡೆಯುವವರು. ಆಮೇಲೆ ಹರಿಹರದಲ್ಲೇ ನಡೆದ ಟೂರ್ನಿಯೊಂದರ ಫೈನಲ್. ಎದುರಾಳಿಯೊಬ್ಬ ಚೆಂಡಿನೊಂದಿಗೆ ನುಗ್ಗಿದ. ಆಫ್‌ಸೈಡ್ ಎಂದು, ರೆಫ್ರಿ ಆಟ ನಿಲ್ಲಿಸುತ್ತಾರೆಂದು ನಂಬಿ, ಹಾಲಸ್ವಾಮಿ ಕೈ ಎತ್ತಿ ನಿಂತುಬಿಟ್ಟರು. ರೆಫ್ರಿ ಸೀಟಿ ಊದಲಿಲ್ಲ. ಗೋಲ್‌ಕೀಪರ್ ನಬೀ ಸಾಬ್, ಅದೇ ಕಾರ್ಖಾನೆಯ ಫಿಟ್ಟರ್, ಒಬ್ಬರೇ ಮುಂದೋಡಿ ಚೆಂಡಿನ ಮೇಲೆ ಬಿದ್ದರು. ಎದುರಾಳಿಯ ಬೂಟು ಮೊಣಕಾಲಿಗೆ ಬಡಿಯಿತು. ಆ ಕಾಲನ್ನು ಮತ್ತೆ ಮಡಚಲಾಗಲಿಲ್ಲ.

“ನಾ ಓಡಿದ್ರ ಆ ಹುಡುಗ ನನ್ಮ್ಯಾಲೆ ಬೀಳ್ತಿದ್ದ. ನಾ ನಿಂತಿದ್ದೆ ನೋಡ್ರಿ, ಬಸ್ಸಿಗೆ ಕೈ ಮಾಡಿದಂಗ.”

ಹಾಲಸ್ವಾಮಿ ಮತ್ತೆ ಆಡಲಿಲ್ಲ. ಕೆಲವು ವರ್ಷಗಳಲ್ಲಿ ಕಾರ್ಖಾನೆಯೂ ಮುಚ್ಚಿತು. ಈಗ ಅವರಿಗೆ ಒಂದೇ ಆಸೆ: ನಬೀ ಸಾಬ್ ಒಮ್ಮೆ ಬಂದು ಈ ಹುಡುಗಿಯರ ಆಟ ನೋಡಬೇಕು. ಕರೆದಿದ್ದೀರಾ ಎಂದು ಕೇಳಿದೆ.

“ಇಲ್ರಿ. ಯಾವ ಮುಖ ಇಟ್ಕೊಂಡು ಕರೀಲಿ?”

ಒಬ್ಬರ ಮಾತನ್ನಷ್ಟೇ ನಂಬಿ ಬರೆಯಬಾರದೆಂದು ನಾನು ಹರಿಹರಕ್ಕೆ ಹೋದೆ. ನಬೀ ಸಾಬ್ ಮಿಕ್ಸಿ ರಿಪೇರಿ ಮಾಡುತ್ತಾರೆ. ಕಿರಿದಾದ ಅಂಗಡಿ, ನೆಟ್ಟಗಿರುವ ಕಾಲನ್ನು ಒಂದು ಸ್ಟೂಲಿನ ಮೇಲೆ ಚಾಚಿರುತ್ತಾರೆ. ನಾನು ಬಂದ ವಿಷಯ ಹೇಳಿದಾಗ ನಕ್ಕರು.

“ಕೈ ಎತ್ತಿದ್ದಾ? ಎಲ್ಲಾ ಸ್ಟಾಪರೂ ಎತ್ತತಾರ. ರೆಫ್ರಿ ಕುರುಡ ಇದ್ರ ನಾನೂ ಎರಡೂ ಕೈ ಎತ್ತೀನಿ. ಅದಕ್ಕ ಯಾರು ಸಿಟ್ಟಾಗ್ತಾರ ಸಾಹೇಬ್ರ?”

ಆಮೇಲೆ ಸ್ಕ್ರೂಡ್ರೈವರ್ ಕೆಳಗಿಟ್ಟರು.

“ನಲವತ್ತೊಂದು ದಿನ ಆಸ್ಪತ್ರೆಯಾಗಿದ್ದೆ. ತಂಡದ ಒಂಬತ್ತೂ ಮಂದಿ ಬಂದ್ರು, ಅವನೊಬ್ಬ ಬರ್ಲಿಲ್ಲ. ಬಾಗಿಲು ಸಪ್ಪಳ ಆದಾಗೆಲ್ಲ ಹಾಲಾ ಬಂದ ಅಂದ್ಕೊಂಡೆ. ಬರಿಯೋದಿದ್ರ ಅದನ್ನ ಬರೀರಿ.”

ಮರುದಿನ ಬೆಳಿಗ್ಗೆ ಬಯಲಿಗೆ ಹೋದೆ. ನಬೀ ಸಾಬ್ ಅಂದದ್ದನ್ನು ಹೇಳಬೇಕೋ ಬೇಡವೋ ತಿಳಿಯಲಿಲ್ಲ, ಹೇಳಿಬಿಟ್ಟೆ. ಹೇಳುವಾಗ ಹಾಲಸ್ವಾಮಿಯವರ ಮುಖ ನೋಡಲಾಗಲಿಲ್ಲ. ಅವರು ಹುಡುಗಿಯರಿಗೆ ಓಟ ಹೇಳಿ ನನ್ನನ್ನು ಬೇವಿನ ಮರದ ಹತ್ತಿರ ಕರೆದುಕೊಂಡು ಹೋದರು.

“ನಂಗೆ ಗೊತ್ತಿತ್ತು,” ಎಂದರು. “ಕೈ ಎತ್ತಿದ್ದು ಆಟದ ತಪ್ಪು. ಅದನ್ನ ಹುಡುಗೇರ ಮುಂದ ಹೇಳಬಹುದು, ನಿಮ್ಮ ಮುಂದೂ ಹೇಳಬಹುದು. ಆಸ್ಪತ್ರೆ ಗೇಟಿನ ತನಕ ಎರಡು ಸಲ ಹೋಗಿ ವಾಪಸ್ ಬಂದಿದ್ದು ಹೆಂಗೆ ಹೇಳ್ಲಿ? ಮನೆಯಾಗ ಹೆಂಡ್ತಿ ಭಾಗ್ಯಲಕ್ಷ್ಮಿಗೂ ಹೇಳಿಲ್ಲ. ನಬೀ ಸಾಬನ್ನ ನೋಡಿ ಬಂದೆ, ಚಲೋ ಅದಾನ ಅಂತ ಸುಳ್ಳು ಹೇಳಿದ್ದೆ ಆವಾಗ.”

ಇದನ್ನು ಬಿಟ್ಟು ಬರೆಯುತ್ತೇನೆ ಎಂದೆ.

“ಬ್ಯಾಡ, ಬರೀರಿ. ಇಲ್ದಿದ್ರ ನಾ ಒಳ್ಳೇವ್ನು ಅಂತ ನೀವು ಬರದಂಗ ಆಕ್ಕತೆ.”

ಗುರುವಾರ ಭಟ್ಟಿಗೆ ರಜೆ ಹೇಳಿ ಹರಿಹರಕ್ಕೆ ಹೋಗುವುದಾಗಿ ಹೇಳಿದರು. ಆಟ ನೋಡಲು ಕರೆಯುವುದಕ್ಕಲ್ಲ. “ಸುಮ್ನ ಅಂಗಡಿ ಮುಂದ ಕೂಡ್ರತೀನಿ. ಬಾ ಅಂದ್ರ ಒಳಗ, ಬ್ಯಾಡ ಅಂದ್ರ ಹೊರಗ. ನಲವತ್ತೊಂದು ದಿನ ಅಂದಾನಲ್ಲ, ಒಂದು ದಿನನಾದ್ರೂ ಕೂಡ್ರಬೇಕು.”

ದಾವಣಗೆರೆಯಿಂದ ಹರಿಹರ ಹದಿನಾಲ್ಕು ಕಿಲೋಮೀಟರ್. ಬಸ್ಸಿನಲ್ಲಿ ಅರ್ಧ ಗಂಟೆ.

ಶುಕ್ರವಾರ ಬೆಳಿಗ್ಗೆ ಮತ್ತೆ ಬಯಲಿಗೆ ಹೋಗಿದ್ದೆ. ಅಭ್ಯಾಸ ಎಂದಿನಂತೆ ನಡೆಯುತ್ತಿತ್ತು. ಅವರು ನನ್ನನ್ನು ನೋಡಿದರು, ತಲೆಯಾಡಿಸಿದರು, ಹುಡುಗಿಯರ ಕಡೆ ತಿರುಗಿದರು. ಕೇಳಲೆಂದೇ ಹೋದ ನಾನು ಕೇಳಲಿಲ್ಲ. ಒಮ್ಮೆ ಹರಿಹರಕ್ಕೆ ಹೋಗಿ ಕೇಳಿ ಬಂದದ್ದೇ ಸಾಕೆನಿಸಿತು. ಗುರುವಾರ ಹಾಲಸ್ವಾಮಿ ಹರಿಹರಕ್ಕೆ ಹೋಗಿದ್ದರೋ ಇಲ್ಲವೋ, ನನಗೆ ಗೊತ್ತಿಲ್ಲ.