ಬೇವಿನ ಮರದಡಿಯಿಂದ ಕೂಗಿದವಳು

ಕೂಗುವ ಮೊದಲು ನಮ್ಮ ದೊಡ್ಡವ್ವನ ಕತ್ತಿನ ನರಗಳು ಹಗ್ಗದ ಹಾಗೆ ಎದ್ದು ನಿಲ್ಲುತ್ತಿದ್ದವು. ಎಡಗೈ ಕಿವಿಗೆ, ಬಲಗೈ ಬಾಯಿಯ ಪಕ್ಕಕ್ಕೆ. ಆಮೇಲೆ ಹೊರಟ ದನಿ ಹಳ್ಳ ದಾಟಿ, ಎದುರು ಗುಡ್ಡದಲ್ಲಿ ಕುರಿ ಬಿಟ್ಟವರಿಗೆ ಒಂದು ಮಾತೂ ಕೆಡದೆ ಮುಟ್ಟುತ್ತಿತ್ತು. ತೋಳ ಬಂತು, ಮರಿ ಹಾಕಿತು, ನೀರು ಸಿಕ್ಕಿತು ಅನ್ನುವ ಸುದ್ದಿಯೆಲ್ಲ ತಳಕಿನ ಕಡೆಯ ನಮ್ಮ ಗುಡ್ಡಗಳಲ್ಲಿ ಹೀಗೇ ಓಡಾಡುತ್ತಿತ್ತು.

ಅವಳು ನನ್ನ ಅಪ್ಪನ ಅಣ್ಣನ ಹೆಂಡತಿ. ಅವ್ವ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು. ಕಂಬಳಿ ವ್ಯಾಪಾರದಲ್ಲಿ ನಾನು ಕಾಲೂರಿದ ವರ್ಷ ಅವಳಿಗೊಂದು ಮೊಳಕಾಲ್ಮೂರು ರೇಷ್ಮೆ ಸೀರೆ ತಂದುಕೊಟ್ಟೆ. ಮುಟ್ಟಿ ನೋಡಿ, "ಚೆಂದ ಐತೆ ಕಣಪ್ಪ. ಇದನ್ನುಟ್ಟು ಗುಡ್ಡ ಹತ್ತಿದ್ರೆ ನಂಗಿಂತ ಜಾಲಿಮುಳ್ಳಿಗೇ ಖುಷಿ" ಅಂದಳು. ನನ್ನ ಹೆಂಡತಿಯ ಪೆಟ್ಟಿಗೆಗೆ ಸೇರಿತು ಆ ಸೀರೆ.

ಅದಕ್ಕೂ ಮೊದಲಿನ ಮಾತು, ನನಗೆ ಮೀಸೆ ಚಿಗುರುತ್ತಿದ್ದ ಕಾಲ. ನಮ್ಮೂರ ಪಟೇಲ ತನ್ನ ಹೊಲದ ಅಂಚಿಗೆ ಮುಳ್ಳುಬೇಲಿ ಹಾಕಿಸಿ, ಕುರಿಗಳು ಕೆರೆಗೆ ಇಳಿಯುವ ದಾರಿಯನ್ನು ಒಳಕ್ಕೆ ಹಾಕಿಕೊಂಡ. ಗುಡ್ಡ ಸುತ್ತಿ ನೀರಿಗೆ ಹೋಗುವಷ್ಟರಲ್ಲಿ ಮರಿಗಳು ದಾರಿಯಲ್ಲೇ ಮಲಗಿಬಿಡುತ್ತಿದ್ದವು. ದಿನಾ ಒಂದಾದರೂ ಮರಿ ಮತ್ತೆ ಏಳದೆ ಸಾಯುತ್ತಿತ್ತು. ದೊಡ್ಡವ್ವ ನನ್ನನ್ನು ಕರೆದುಕೊಂಡು ಚಳ್ಳಕೆರೆ ತಾಲ್ಲೂಕು ಕಚೇರಿಗೆ ಹೊರಟಳು.

ಕಚೇರಿಯ ಜಗಲಿಯ ಮೇಲೆ ಬೆಂಚು. ಅದರಲ್ಲಿ ಪಟೇಲನ ತಮ್ಮ ಮಜ್ಜಿಗೆ ಕುಡಿಯುತ್ತಾ ಕೂತಿದ್ದ. ನಮ್ಮಂಥವರು ಮೆಟ್ಟಿಲು ಹತ್ತುವ ಹಾಗಿರಲಿಲ್ಲ. ಅಂಗಳದ ಬೇವಿನ ಮರದಡಿ ನಿಲ್ಲಬೇಕು, ಜವಾನ ಬಂದು ಮಾತು ಕೇಳಿಕೊಂಡು ಒಳಗೆ ಅಮಲ್ದಾರರಿಗೆ ಮುಟ್ಟಿಸಬೇಕು. ಬೆಳಿಗ್ಗೆ ಹೇಳಿದ್ದಕ್ಕೆ ಮಧ್ಯಾಹ್ನ ಉತ್ತರ ಬಂತು: "ಊರಲ್ಲೇ ಪಟೇಲರ ಹತ್ರ ಹೇಳ್ಕೋಬೇಕಂತೆ."

"ಬೇಲಿ ಹಾಕಿದೋನೇ ಅವನಲ್ಲೇನಪ್ಪ? ಒಳಗೆ ಏನಂತ ಹೇಳಿದೆ ನೀನು?"

"ಕುರಿಯೋರು ಪಟೇಲರ ಹೊಲ ಕೇಳ್ತಾವ್ರೆ ಅಂತ."

ನಾನು ಜವಾನನ ಮೇಲೆ ಹಾರಲು ಹೋದೆ. ದೊಡ್ಡವ್ವ ತಡೆದಳು. "ಸುಮ್ನಿರಲೇ. ಅವನ ಕಿವಿಗೆ ಬಿದ್ದಿದ್ದು ಅಷ್ಟೇ." ಆಮೇಲೆ ಎಡಗೈ ಕಿವಿಗೆ ಹೋಯಿತು.

"ಹೋ... ಅಮಲ್ದಾರಪ್ಪೋ... ಕುರಿ ದಾರಿಗೆ ಬೇಲಿ ಬಿದ್ದೈತೋ..."

ಅಂಗಳದಲ್ಲಿ ಕಟ್ಟಿದ್ದ ಕುದುರೆ ಬೆಚ್ಚಿಬಿತ್ತು. ಬೆಂಚಿನ ಮೇಲೆ ಮಜ್ಜಿಗೆ ಚೆಲ್ಲಿತು. ಅಮಲ್ದಾರರು ಲೇಖನಿ ಹಿಡಿದೇ ಹೊರಗೆ ಬಂದರು.

"ಯಾರದು ಅರಚೋದು?"

"ಅರಚ್ತಿಲ್ಲ ಸ್ವಾಮಿ, ಕರೀತಿದ್ದೀನಿ. ನಾವು ಮೆಟ್ಲು ಹತ್ತಬಾರ್ದಂತೆ. ದನಿಗೆ ಕಾಲಿಲ್ವಲ್ಲ, ಅದಾದ್ರೂ ಹತ್ಲಿ ಅಂತ ಬಿಟ್ಟೆ."

ಅವರ ಮುಖ ಕೆಂಪಾಯಿತು. ಆದರೂ "ಅಲ್ಲಿಂದಲೇ ಹೇಳು" ಅಂದರು. ಹೇಳಿದಳು. ಪಟೇಲನ ತಮ್ಮ ನಡುವೆ ಬಾಯಿ ಹಾಕಿದ: "ಇವ್ರ ಕುರಿ ನಮ್ಮ ಜೋಳ ಮೇಯ್ತವೆ ಸ್ವಾಮಿ, ಅಲ್ಲಿ ದಾರೀನೇ ಇಲ್ಲ."

"ಬಂದು ನೋಡ್ರಿ. ಬಂಡೆ ಮೇಲೆ ಗೊರಸು ತುಳಿದು ತುಳಿದು ಹಳ್ಳ ಬಿದ್ದೈತೆ. ನಿನ್ನೆ ಮೊನ್ನೆ ಬಿದ್ದಿದ್ದಲ್ಲ."

ಮುಂದಿನ ವಾರ ಅಮಲ್ದಾರರು ಬಂದರು. ಕುದುರೆಯಿಂದಿಳಿದು, ಬಂಡೆಯ ಮೇಲಿನ ನುಣುಪಾದ ಗುಳಿಗೆ ಕೈಯಿಟ್ಟು ನೋಡಿದರು. ಸಂಜೆಯೊಳಗೆ ಬೇಲಿ ಕೀಳಿಸಿದರು.

ನಾನು ಕುಣಿದಾಡಿದೆ. ಅವಳು ಮಾತ್ರ ಮಂಕಾಗಿದ್ದಳು. "ಮರದಡಿ ಇನ್ನೂ ಅಷ್ಟು ಜನ ಕೂತಿದ್ರಲ್ಲೋ. ಗಂಟ್ಲು ಇಲ್ಲದೋರು ಏನು ಮಾಡ್ಬೇಕು?" ಅಂದಳು. ಅಂದಿನಿಂದ ಚಳ್ಳಕೆರೆ ಸಂತೆಗೆ ಹೋದಾಗಲೆಲ್ಲ ಬೇವಿನ ಮರದ ಹತ್ತಿರ ಹೋಗಿ ನಿಲ್ಲುತ್ತಿದ್ದಳು. ಕೊಂಡ್ಲಹಳ್ಳಿಯಿಂದ ಬಂದ ಒಬ್ಬ ಮುದುಕಿ ತೆಲುಗಿನಲ್ಲಿ ಪಿಸುಗುಟ್ಟಿದ್ದನ್ನೂ ಕನ್ನಡದಲ್ಲಿ ಕೂಗಿದಳು. ಜವಾನ ಗದರುತ್ತಿದ್ದ, ಒಮ್ಮೆ ದೂಡಿಯೂ ದೂಡಿದ. ಎಲ್ಲ ಕೂಗಿಗೂ ಬೇಲಿ ಕಿತ್ತುಹೋಗಲಿಲ್ಲ. ಆದರೆ ಹೇಳಿದ್ದು ಹೇಳಿದ ಹಾಗೇ ಒಳಗೆ ಹೋಯಿತು.

ವ್ಯಾಪಾರಕ್ಕೆ ಇಳಿಯುವವರಿಗೆ ನಾನು ಈಗಲೂ ಹೇಳುವುದು ಇದನ್ನೇ: ಬೆಲೆ ಕಟ್ಟುವವನ ಮುಖ ನೋಡದೆ ಮಾತು ಮುಗಿಸಬೇಡಿ. ದಲ್ಲಾಳಿ ಒಳ್ಳೆಯವನೇ ಇರಬಹುದು, ನಿಮ್ಮ ಮಾತು ಅವನ ಬಾಯಲ್ಲಿ ನಿಮ್ಮದಾಗಿ ಉಳಿಯುವುದಿಲ್ಲ. ನಾನು ದಲ್ಲಾಳಿಯನ್ನು ಬಿಟ್ಟು ಬೆಳೆದವನು. ಆ ಬುದ್ಧಿ ಅವಳದು.

ಕೊನೆಗೆ ಅವಳ ಗಂಟಲಿಗೇ ಬೇನೆ ಬಂತು. ಗುಡ್ಡ ದಾಟುತ್ತಿದ್ದ ದನಿ ಚಾಪೆ ದಾಟಲಿಲ್ಲ. ಏನೋ ಹೇಳಲು ತುಟಿ ಆಡಿಸಿದಳು. ಬಗ್ಗಿ ಕಿವಿ ಕೊಟ್ಟೆ. "ಮರದಡಿ ಯಾರವ್ರೆ, ನೋಡ್ಕೊಂಡು ಬಾ" ಅಂದಳು. ನಾನು ಚಳ್ಳಕೆರೆಗೆ ಹೋಗಿ ಬರುವಷ್ಟರಲ್ಲಿ ಅವಳಿರಲಿಲ್ಲ.

ಈಗ ಜವಾನ ನನಗೆ "ಬರ್ರಿ ಸಾವ್ಕಾರ್ರೆ" ಅಂತಾನೆ. ನಾನು ಮೊದಲು ಮರದಡಿ ನಿಂತು ಒಬ್ಬೊಬ್ಬರ ಮಾತೂ ಕೇಳಿಕೊಂಡೇ ಮೆಟ್ಟಿಲು ಹತ್ತುತ್ತೇನೆ. ಒಳಗೆ ಮೆಲ್ಲಗೆ ಹೇಳಿದರೂ ನಡೆಯುತ್ತದೆ. ಮೆಲ್ಲಗೆ ಹೇಳುವಾಗಲೇ ಅವಳು ಬಹಳ ನೆನಪಾಗುತ್ತಾಳೆ.

ಊರಿಗೆ ಮರಳುವಾಗ ಗುಡ್ಡದ ಕೆಳಗೆ ಗಾಡಿ ನಿಲ್ಲಿಸುತ್ತೇನೆ. ಇಳಿದು ಹೋಗಿ, ಎತ್ತುಗಳ ಕೊರಳ ಗಂಟೆಗಳನ್ನು ಎರಡು ಕೈಯಲ್ಲೂ ಹಿಡಿದು ಸದ್ದಾಗದಂತೆ ನಿಲ್ಲುತ್ತೇನೆ. ಯಾರಾದರೂ ಮೇಲಿನಿಂದ ನನ್ನ ಹೆಸರು ಹಿಡಿದು ಕರೆದರೆ ಕೇಳಿಸಬೇಕಲ್ಲ.