ಆಯಿಯ ಹೆಬ್ಬೆಟ್ಟು

ಮೊನ್ನೆ ಜಮಖಂಡಿಯ ಬ್ಯಾಂಕಿನಲ್ಲಿ ಪಾಳಿಗೆ ನಿಂತಿದ್ದೆ. ನನ್ನ ಮುಂದಿದ್ದ ಮುದುಕರೊಬ್ಬರು ಹೆಬ್ಬೆಟ್ಟು ಒತ್ತಬೇಕಿತ್ತು. ಗುಮಾಸ್ತ ಶಾಯಿ ಪ್ಯಾಡಿನ ಮುಚ್ಚಳ ತೆಗೆದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಬನಹಟ್ಟಿಯ ಆಯಿ ಕಣ್ಣ ಮುಂದೆ ಬಂದು ಕೂತರು. ನಾನು ಯಾವ ಕೆಲಸಕ್ಕೆ ಬಂದಿದ್ದೆ ಎಂಬುದೇ ಮರೆತುಹೋಯಿತು...

ಆಯಿ ಅಂದರೆ ನನ್ನ ಅಜ್ಜಿಯಲ್ಲ, ನಮ್ಮ ಮನೆಯ ಮಾಲಕರು. ಬನಹಟ್ಟಿಯ ಶಾಲೆಯಲ್ಲಿ ನಾನು ಟೀಚರಾಗಿದ್ದ ಒಂಬತ್ತು ವರ್ಷವೂ ನಾನು, ನಮ್ಮವ್ವ ಅವರ ಮನೆಯ ಎರಡು ಕೋಣೆಗಳಲ್ಲಿ ಬಾಡಿಗೆಗಿದ್ದೆವು. ನೇಕಾರರ ಮನೆತನ. ಹಿಂದುಗಡೆ ಮಗನ ಮಗ್ಗಗಳು ದಡಬಡ ಎನ್ನುತ್ತಿದ್ದರೆ ಮುಂದಿನ ಪಡಸಾಲೆಯಲ್ಲಿ ಆಯಿ ಕಂಡಿಕೆಗೆ ನೂಲು ಸುತ್ತುತ್ತ ಕೂತಿರುತ್ತಿದ್ದರು. ಮಧ್ಯಾಹ್ನವಾದರೆ ಸಾಕು, ಅವ್ವ ಬಾಗಿಲು ಮುಂದೆ ಮಾಡಿ ಅವರ ಹತ್ತಿರ ಹೋಗಿ ಕೂಡುತ್ತಿದ್ದಳು. ಇಬ್ಬರಿಗೂ ಎಷ್ಟು ಮಾತಾಡಿದರೂ ಮುಗಿಯುತ್ತಿರಲಿಲ್ಲ.

ನೂಲು ಹರಿದೂ ಹರಿದೂ ಆಯಿಯ ಹೆಬ್ಬೆರಳಿನ ಗೆರೆಗಳೆಲ್ಲ ಸವೆದಿದ್ದವು. ರೇಷನ್ ಅಂಗಡಿಯ ಯಂತ್ರಕ್ಕೆ ಅವರ ಗುರುತೇ ಹತ್ತುತ್ತಿರಲಿಲ್ಲ. "ಆ ಮಷಿನ್ನಿನ ಲೆಕ್ಕದಾಗ ನಾ ಸತ್ತ ಹೋಗೇನ್ರಿ ಅಕ್ಕೋರ," ಎಂದು ನಗುತ್ತಿದ್ದರು. ಶಾಲೆಯಲ್ಲಿ ಕಲಿಸುವ ಹೆಂಗಸರಿಗೆ ನಮ್ಮ ಕಡೆ ಅಕ್ಕೋರು ಎನ್ನುವುದು ರೂಢಿ.

ಪ್ರತಿ ವರ್ಷ ಯುಗಾದಿಯ ಆಸುಪಾಸು ಬಾಡಿಗೆ ಕರಾರು ಹೊಸದಾಗುತ್ತಿತ್ತು. ಬರೆಯುವವಳು ನಾನೇ. ಮೊದಲ ವರ್ಷ ಓದಿ ಹೇಳಲು ಹೋದೆ. "ಓದಬ್ಯಾಡ್ರಿ. ಸಾಲಿ ಕಲಸೂವ್ರು ಬರದದ್ರಾಗ ನಾ ಏನ ಕೇಳೂದೈತಿ?" ಎಂದು ಹೆಬ್ಬೆಟ್ಟು ಒತ್ತಿ, ಕಾಗದ ನನ್ನ ಹತ್ತಿರವೇ ಇರಲಿ ಎಂದು ಕೊಟ್ಟು, ಅಂಗೈಗೆ ಮುಧೋಳದ ಬೆಲ್ಲದ ತುಣುಕು ಇಟ್ಟರು. ಅದೇ ಪದ್ಧತಿಯಾಯಿತು. ತಮಗೂ ನಾಲ್ಕು ಅಕ್ಷರ ಕಲಿಸಿ ಎಂದು ಆ ಮೊದಲ ವರ್ಷವೇ ಕೇಳಿದ್ದರು. ಶಾಲೆಗೆ ಬೇಸಿಗೆ ಸೂಟಿ ಬಿಟ್ಟಾಗ ಕಲಿಸೋಣ ಎಂದಿದ್ದೆ. ಒಂಬತ್ತು ಸೂಟಿ ಬಂದವು, ಹೋದವು.

ಒಂಬತ್ತನೆಯ ವರ್ಷ ನನಗೆ ಜಮಖಂಡಿಗೆ ವರ್ಗವಾಯಿತು. ಅಲ್ಲಿ ಮನೆಯೂ ಗೊತ್ತಾಯಿತು. ಆದರೆ ಆಯಿಗೆ ಹೇಳಲು ನಾಲಿಗೆ ಏಳಲೊಲ್ಲದು. ನಲವತ್ತು ಮಕ್ಕಳನ್ನು ಗದರಿಸುವ ನಾನು ಆ ಪಡಸಾಲೆಗೆ ಹೋದರೆ ನೂಲಿನ ದರ ಕೇಳಿ ಎದ್ದು ಬರುತ್ತಿದ್ದೆ. ಕರಾರಿನಲ್ಲಿ, ಮನೆ ಬಿಡುವುದಾದರೆ ತಿಂಗಳು ಮೊದಲು ಬರೆದು ಕೊಡಬೇಕು ಎಂದಿತ್ತು. ಅದನ್ನೇ ಆಸರೆ ಮಾಡಿಕೊಂಡೆ. "ಬಾಯಿಲೆ ಹೇಳವಾ, ಅದಕ್ಕ ಯಾಕ ಬೇಕು ಕಾಗದಾ?" ಎಂದಳು ಅವ್ವ. ನಾನು ಕೇಳಲಿಲ್ಲ. ಮುಂದಿನ ವರ್ಷಕ್ಕೆ ಕರಾರು ಮುಂದುವರಿಸುವುದಿಲ್ಲ ಎಂದು ನಾಲ್ಕು ಸಾಲು ಬರೆದುಕೊಂಡು ಹೋದೆ. ಅವರೆದುರು ಓದಿದರೆ ಮುಗಿಯಿತು ಎಂದುಕೊಂಡಿದ್ದೆ.

ಕಾಗದ ಕಂಡದ್ದೇ ಆಯಿಯ ಮುಖ ಅರಳಿತು. "ವರ್ಷಾ ಆತೇನ್ರಿ? ತರ್ರಿ ಇಲ್ಲೆ." ನಾನು "ಆಯಿ, ಇದು..." ಎನ್ನುವಷ್ಟರಲ್ಲಿ ಪ್ಯಾಡು ತೆಗೆದು ಒತ್ತಿಯೇ ಬಿಟ್ಟರು. ಗುರುತು ಮೂಡಲಿಲ್ಲವೆಂದು ಮತ್ತೊಮ್ಮೆ, ಮಗದೊಮ್ಮೆ ಒತ್ತಿದರು. ಆಮೇಲೆ ಬೆಲ್ಲ ಕೊಟ್ಟರು. ನಾನು ಅದನ್ನು ಬಾಯಿಗೆ ಹಾಕಿಕೊಂಡು ಸುಮ್ಮನೆ ಎದ್ದು ಬಂದೆ. ಥೂ, ನನ್ನ ಬಾಳಿಗಿಷ್ಟು! ನಾಳೆ ಹೇಳಿದರಾಯಿತು ಎಂದುಕೊಂಡೆ; ನಾನೇ ಹೇಳುತ್ತೇನೆ, ನೀನು ಬಾಯಿ ಬಿಡಬೇಡ ಎಂದು ಅವ್ವನಿಗೂ ಆಣೆ ಹಾಕಿದ್ದೆ. ನಾಳೆ ಎಂದವನ ಮನೆ ಹಾಳು ಎಂದು ಮಕ್ಕಳಿಗೆ ಬರೆಸುವವಳೂ ನಾನೇ.

ಹತ್ತನೆಯ ದಿನ ಶಾಲೆಯಿಂದ ಬಂದರೆ ನಮ್ಮ ಅಡುಗೆಮನೆಯಲ್ಲಿ ಗೌಂಡಿ ಇಟ್ಟಂಗಿ ಕಟ್ಟುತ್ತ ಕೂತಿದ್ದ. ಬಾಗಿಲಿಗೆ ಕರಿ ಕಡಪಾ ಕಲ್ಲು ಒರಗಿಸಿತ್ತು. ಅವ್ವ ಮೂಲೆಯಲ್ಲಿ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದಳು. ಆಯಿ ನನ್ನನ್ನು ಕಂಡು ಹಿಗ್ಗಿ ಹೇಳಿದರು: "ನಿಮ್ಮವ್ವಗ ಮೊಣಕಾಲ ಮಡಚಾಕ ಬರೂದಿಲ್ಲ ನೋಡ್ರಿ. ಈ ವರ್ಷದಿಂದ ನಿಂತ ರೊಟ್ಟಿ ಬಡೀಲಿ ಅಂತ ಕಟ್ಟಿ ಕಟ್ಟಸಾಕತ್ತೇನಿ."

ಆಗ ಹೇಳಿದೆ. ಗೌಂಡಿಯ ಎದುರಿಗೇ, ತೊದಲುತ್ತ, ಆ ಕಾಗದದಲ್ಲಿ ಏನಿತ್ತು ಎಂಬುದನ್ನು ಹೇಳಿದೆ. ಆಯಿ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಛಲೋ ಇತ್ತು. ತಮ್ಮ ಹೆಬ್ಬೆರಳನ್ನೊಮ್ಮೆ ನೋಡಿಕೊಂಡು ಸೆರಗಿಗೆ ಒರೆಸಿದರು. ಅದರ ಶಾಯಿ ಎಂದೋ ಹೋಗಿತ್ತು.

"ಹೆಬ್ಬಟ್ಟ ಒತ್ತೇನಲ್ರಿ... ಅಂದ ಮ್ಯಾಲ ಆತು. ಮಾತಂದ್ರ ಮಾತ."

ಕೆಲಸ ನಿಲ್ಲಿಸಲೇ ಎಂದು ಗೌಂಡಿ ಕೇಳಿದ. "ನಿಂದರಸಬ್ಯಾಡೋ," ಎಂದರು ಆಯಿ. "ಮುಂದ ಬರೂವ್ರಿಗೂ ಮೊಣಕಾಲ ಇರತಾವ."

ಉಳಿದ ಇಪ್ಪತ್ತು ದಿನ ಅವ್ವ ಆ ಕಟ್ಟೆಯ ಮೇಲೆ ಒಂದು ರೊಟ್ಟಿಯನ್ನೂ ಬಡಿಯಲಿಲ್ಲ. ನೆಲದ ಮೇಲೆಯೇ ಕಾಲು ಚಾಚಿ ಕೂತು ಬಡಿದಳು. ಮನೆ ಬಿಟ್ಟ ದಿನ ಆಯಿ ಗಾಡಿಯ ತನಕ ಬಂದು ಅವ್ವನ ಕೈ ಹಿಡಿದುಕೊಂಡು ಬಹಳ ಹೊತ್ತು ನಿಂತರು. ನನಗೆ "ಹೋಗಿ ಬರ್ರಿ ಅಕ್ಕೋರ" ಎಂದರು. ಅಂಗೈಗೆ ಬೆಲ್ಲ ಇಡಲಿಲ್ಲ. ಮರೆತಿರಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆಯಿ ಮರೆಯುವವರಲ್ಲ.

ಜಮಖಂಡಿಯಿಂದ ಬನಹಟ್ಟಿ ಏನು ದೂರ? ಬಸ್ಸು ಹತ್ತಿದರೆ ಒಂದು ತಾಸು. ಬರುವ ಸೂಟಿಗೆ ಹೋಗಬೇಕು, ತಪ್ಪಾಯಿತು ಎನ್ನಬೇಕು, ಅಕ್ಷರ ಕಲಿಸಬೇಕು... ಅಂದುಕೊಳ್ಳುತ್ತಲೇ ಇದ್ದೆ. ಆಯಿ ತೀರಿಕೊಂಡು ತಿಂಗಳಾದ ಮೇಲೆ ಹಳೆಯ ವಿದ್ಯಾರ್ಥಿಯೊಬ್ಬ ಬಸ್ ನಿಲ್ದಾಣದಲ್ಲಿ ಸಿಕ್ಕು ಸುದ್ದಿ ಹೇಳಿದ. ಅವ್ವ ಅವತ್ತು ಒಲೆ ಹಚ್ಚಲಿಲ್ಲ. ಈಗ ಅವ್ವನೂ ಇಲ್ಲ.

ಬ್ಯಾಂಕಿನಿಂದ ಬಂದವಳೇ ಕಪಾಟಿನ ಹಳೆಯ ಫೈಲು ತೆಗೆದೆ. ಆ ಕಾಗದ ಸಿಕ್ಕಿತು. ಕೆಳಗೆ ಮೂರು ನೀಲಿ ಗುರುತು, ಒಂದರಲ್ಲೂ ಗೆರೆಯಿಲ್ಲ. ಕುರ್ಚಿಯಲ್ಲಿ ನೆಟ್ಟಗೆ ಕೂತು, ತರಗತಿಯಲ್ಲಿ ಪಾಠ ಓದುವಂತೆ, ಜೋರಾಗಿ ಓದಿದೆ. ನಾಲ್ಕೇ ಸಾಲು. ಅರ್ಧ ನಿಮಿಷವೂ ಹಿಡಿಯಲಿಲ್ಲ.