ಮದುವೆ ಕಾರಿನ ಅಲಾರಾಂ

೧೯೮೩ರ ಮೇ ತಿಂಗಳ ಒಂದು ಗುರುವಾರ, ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ಸ್ಥಳ ಹುಮನಾಬಾದ್, ಹೈದರಾಬಾದ್–ಸೊಲ್ಲಾಪುರ ಹೆದ್ದಾರಿ ಊರೊಳಗೆ ಬರುವ ಚೌಕ. ಹಾಜರಿದ್ದವರು ಹೆಡ್ ಕಾನ್‌ಸ್ಟೇಬಲ್ ಆಗಿದ್ದ ನಾನು ಮತ್ತು ಕಾನ್‌ಸ್ಟೇಬಲ್ ಮಾರುತಿ. ನಮ್ಮ ಸಬ್ ಇನ್‌ಸ್ಪೆಕ್ಟರ್ ಕೋರ್ಟ್ ಕೆಲಸಕ್ಕೆಂದು ಬೀದರಿಗೆ ಹೋಗಿದ್ದರು. ಆದ್ದರಿಂದ ಅಂದು ಠಾಣೆಯ ಹೊಣೆಯೂ ನನ್ನದೇ.

ಲಗ್ನದ ತಿಥಿ. ಊರಲ್ಲಿ ಐದಾರು ಮದುವೆಗಳಿದ್ದವು. ಮದುವೆಯ ಕಾರು ಹಾರ್ನ್ ಹೊಡೆಯುತ್ತಲೇ ಊರು ದಾಟುವುದು ನಮ್ಮ ಕಡೆಯ ರೂಢಿ. ಹಾರ್ನ್ ಕೇಳಿದೊಡನೆ ಜನ ಅಂಗಡಿ ಕಟ್ಟೆ ಇಳಿದು ನೋಡುತ್ತಾರೆ, ಎತ್ತಿನ ಬಂಡಿಯವನು ಪಕ್ಕಕ್ಕೆ ಸರಿಯುತ್ತಾನೆ, ಪೊಲೀಸರೂ ದಾರಿ ಮಾಡಿಕೊಡುತ್ತಾರೆ. ಹೀಗೆ ಮಾಡಬೇಕೆಂದು ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ. ಬೆಳಗಿನಿಂದ ಅಂಥ ಮೂರು ಕಾರುಗಳಿಗೆ ದಾರಿ ಬಿಟ್ಟಿದ್ದೆ. ನಾಲ್ಕನೆಯದೂ ಅವುಗಳಂತೆಯೇ ಬಿಳಿ ಅಂಬಾಸಿಡರ್. ಮುಂದೆ ಚೆಂಡುಹೂವಿನ ಸರ, ಬಾನೆಟ್ ಮೇಲೆ ಕಟ್ಟಿದ ಕೆಂಪು ಸೀರೆಯ ಗೊಂಬೆ. ಬೇರೆಯವರು ತಾಳ ಹಾಕಿದಂತೆ ಬಿಟ್ಟು ಬಿಟ್ಟು ಹೊಡೆದರೆ, ಈ ಕಾರಿನ ಹಾರ್ನ್ ಒಂದೇ ಉಸಿರಿಗೆ ಕೂಗುತ್ತಿತ್ತು. ಅದು ನನ್ನ ಗಮನಕ್ಕೆ ಬಂತು. ಡ್ರೈವರನಿಗೆ ಹುರುಪು ಹೆಚ್ಚಾಗಿದೆ ಎಂದುಕೊಂಡೆ. ಒಂದು ಲಾರಿ, ಒಂದು ಬಸ್ಸು ನಿಲ್ಲಿಸಿ ಚಿಟಗುಪ್ಪ ರಸ್ತೆಯತ್ತ ಅದಕ್ಕೆ ದಾರಿ ಕೊಟ್ಟೆ. ಒಳಗಿದ್ದವನು ಕೈ ಎತ್ತಿ ನಮಸ್ಕಾರ ಮಾಡಿದ. ನಾನೂ ಕೈ ಎತ್ತಿದೆ.

ಹನ್ನೊಂದೂವರೆಗೆ ಠಾಣೆಗೆ ಮರಳಿದಾಗ ಅಂಗಳದಲ್ಲಿ ಗಲಾಟೆ. ಬಸವಕಲ್ಯಾಣದ ಬೇಳೆ ವ್ಯಾಪಾರಿ ಮಾಣಿಕಪ್ಪ ಸಾವುಕಾರರು ತಮ್ಮ ಡ್ರೈವರ್ ವೈಜಿನಾಥನ ತೋಳು ಹಿಡಿದು ನಿಂತಿದ್ದರು. ತಂಗಿಯ ಮಗಳ ಮದುವೆಗೆ ಅವರು ಹೊಸ ಅಂಬಾಸಿಡರ್ ತಂದಿದ್ದರು. ಮಂಟಪದ ಹಿಂದೆ ನಿಲ್ಲಿಸಿದ್ದ ಆ ಕಾರು ಕಳುವಾಗಿತ್ತು.

"ಜಮಾದಾರ್ರ, ಮೊದ್ಲ ಇವನ್ನ ಒಳಗ ಹಾಕ್ರಿ, ಆಮ್ಯಾಲ ಮಾತಾಡೋಣ," ಎಂದರು ಸಾವುಕಾರರು. "ಗಾಡಿಗಿ ಅಲಾರಾಂ ಕೂಡ್ರಿಸೀನಿ, ಹೈದರಾಬಾದಿನಿಂದ ತಂದದ್ದು. ಅದರ ಗುಪ್ತ ಸ್ವಿಚ್ ಎಲ್ಲದ ಅಂತ ಗೊತ್ತಿರೋದು ನನಗ, ಇಲ್ಲಾ ಇವಗ. ಸ್ವಿಚ್ ಚಾಲೂ ಇದ್ರ, ಬ್ಯಾರೆಯವ್ರು ಬಾಗಿಲಾ ತೆರದ್ರ ಸಾಕು, ಊರೆಲ್ಲ ಎದ್ದು ಕೂಡ್ತಿತ್ತು. ಒಬ್ಬರಿಗರ ಕೇಳ್ಯದೇನು? ಇಲ್ಲ! ಅಂದ ಮ್ಯಾಲ ಸ್ವಿಚ್ ಬಂದ್ ಮಾಡಿ ಕೊಟ್ಟವರು ಯಾರು?"

ವೈಜಿನಾಥನಿಗೆ ಆಗ ನಲವತ್ತರ ಆಸುಪಾಸು. ಹದಿನಾಲ್ಕು ವರ್ಷದಿಂದ ಅದೇ ಮನೆಯ ಗಾಡಿ ಓಡಿಸುತ್ತಿದ್ದ.

"ನನ್ನ ಕೈಲೇ ಚಾಲೂ ಮಾಡಿ ಊಟಕ್ಕ ಕುಂತೀನ್ರಿ ಧಣೇರ. ಸ್ಪೀಕರ್ ಹಚ್ಚಿದ್ರು, ನನಗೇನೂ ಕೇಳ್ಲಿಲ್ರಿ."

"ಹೋಳಿಗಿ ಮುಂದಿಟ್ರ ನಿನಗೇನು ಕೇಳ್ತದ!"

ಯಾರೋ ನಕ್ಕರು. ವೈಜಿನಾಥ ನಗಲಿಲ್ಲ. ಸಾವುಕಾರರ ದೂರಿನಲ್ಲಿ ಅವನ ಹೆಸರು ಸೇರಿದರೆ ಮುಂದೇನಾಗುತ್ತದೆಂದು ಅವನಿಗೆ ಗೊತ್ತಿತ್ತು. ಆ ರಾತ್ರಿ ಲಾಕಪ್ಪು. ಆಮೇಲೆ ಕೋರ್ಟು ಬಿಟ್ಟುಕಳಿಸಿದರೂ ಕಲ್ಯಾಣದಲ್ಲಾಗಲಿ ಹುಮನಾಬಾದಿನಲ್ಲಾಗಲಿ ಅವನ ಕೈಗೆ ಯಾರೂ ಗಾಡಿಯ ಕೀಲಿ ಕೊಡುತ್ತಿರಲಿಲ್ಲ.

ನಾನು ಕ್ರಮಪ್ರಕಾರ ನಡೆದೆ. ವೈಜಿನಾಥನನ್ನೂ ಕರೆದುಕೊಂಡು ಮಂಟಪಕ್ಕೆ ಹೋಗಿ ಸ್ಥಳ ನೋಡಿದೆ, ಅಡುಗೆಯವರು, ನೆರೆಯವರು ಸೇರಿ ಒಂಬತ್ತು ಜನರನ್ನು ಕೇಳಿದೆ. ಎಲ್ಲರಿಗೂ ಒಂದೇ ಪ್ರಶ್ನೆ: "ಅಲಾರಾಂ ಕೇಳ್ತೇನು?" ಎಲ್ಲರದೂ ಒಂದೇ ಉತ್ತರ: "ಇಲ್ರಿ." ಅಲಾರಾಂ ಎಂದರೆ ಕಾರ್ಖಾನೆಯ ಸೈರನ್ನಿನಂಥದ್ದು ಎಂದು ನಾನು ಭಾವಿಸಿದ್ದೆ. ಅವರೂ ಹಾಗೆಯೇ ಭಾವಿಸಿದ್ದರು. ಅಂಥ ಸಾಧನವನ್ನು ನಮ್ಮಲ್ಲಿ ಯಾರೂ ಅಲ್ಲಿಯವರೆಗೆ ಕಂಡಿರಲಿಲ್ಲ. ವೈಜಿನಾಥನ ವಿರುದ್ಧ ಒಂಬತ್ತು ಸಾಕ್ಷಿಗಳು ನನ್ನ ನೋಟ್‌ಬುಕ್ಕಿನಲ್ಲಿ ಸಾಲಾಗಿ ನಿಂತವು.

ಕೊನೆಗೆ ಹಿತ್ತಿಲಲ್ಲಿ ರೊಟ್ಟಿ ಬಡಿಯುತ್ತಿದ್ದ ಮುದುಕಿ. ಎಲ್ಲರೂ ಕಾಶಮ್ಮ ಎನ್ನುತ್ತಿದ್ದರು.

"ನಿನಗ ಏನರ ಕೇಳ್ತೇನವ್ವಾ?"

"ಏನ್ ಕೇಳ್ಬೇಕೋ ತಮ್ಮಾ? ಮದಿವಿ ಗಾಡಿ ಹಾರ್ನ್ ಬಿಟ್ರ ಬ್ಯಾರೆ ಏನೂ ಕೇಳಿಲ್ಲ. ಕಿವಿ ಹರ್ಕೊಂಡು ಹೋಗಂಗ ಹೊಡದ ಹೊಡದ. ಹುಡುಗಿ ಇನ್ನಾ ಒಳಗ ಕುಂತದ, ಇವ್ನ್ಯಾರು ಈಗ್ಲೇ ದಿಬ್ಬಣ ಹೊಂಟಾನ ಅಂತ ನಾನೇ ಬೈದೆ."

ನಾನು ವೈಜಿನಾಥನ ಕಡೆ ತಿರುಗಿದೆ. ಮೊದಲು ಕೇಳಬೇಕಾಗಿದ್ದ ಪ್ರಶ್ನೆಯನ್ನು ಆಗ ಕೇಳಿದೆ: "ಆ ಅಲಾರಾಂ ಸದ್ದು ಹ್ಯಾಂಗ ಇರ್ತದ?"

"ಬ್ಯಾರೆ ಸದ್ದಿಲ್ರಿ. ಗಾಡಿ ಹಾರ್ನೇ ಹೊಡಕೋತದ. ಬಂದ್ ಮಾಡೋತನಕ ಬಿಡಂಗಿಲ್ರಿ."

"ಬಾನೆಟ್ ಮ್ಯಾಲ ಏನರ ಕಟ್ಟಿದ್ರೇನು?"

"ಗೊಂಬಿ ಕಟ್ಟಿದ್ರಿ. ಕೆಂಪು ಸೀರಿದು."

ಬೆಳಗಿನ ನಾಲ್ಕನೆಯ ಕಾರು ಅದೇ. ಅಲಾರಾಂ ತನ್ನ ಕೆಲಸ ಮಾಡಿತ್ತು. ಸಂತೆಬೀದಿಯ ಉದ್ದಕ್ಕೂ ಕೂಗಿ ಹೇಳಿತ್ತು. ಜನ ಕೇಳಿ ಸರಿದು ನಿಂತಿದ್ದರು. ಮುಂದಿದ್ದ ಲಾರಿಯನ್ನು ತಡೆದು ಕಳ್ಳನಿಗೆ ದಾರಿ ಕೊಟ್ಟವನು ಸಮವಸ್ತ್ರದಲ್ಲಿದ್ದ ನಾನೇ.

ಠಾಣೆಗೆ ಬಂದು ದಿನಚರಿ ಪುಸ್ತಕ ತೆಗೆದೆ. ಮಾರುತಿ ಬಾಗಿಲ ಬಳಿ ಬಂದು ದನಿ ತಗ್ಗಿಸಿದ.

"ಸಾಹೇಬ್ರ, ಏನು ಬರ್ಯಾಕತ್ತೀರಿ?"

"ನಡದದ್ದು."

"ಆ ಮುದುಕಿ ಹೇಳಿಕೆ ಸಾಕಲ್ರಿ. ನಿಮ್ಮದ್ಯಾಕ? ನಮ್ಮಿಬ್ಬರನ್ನ ಬಿಟ್ರ ಯಾರಿಗಿ ಗೊತ್ತದ?"

ಅವನ ಮಾತು ತೆಗೆದುಹಾಕುವಂಥದ್ದಾಗಿರಲಿಲ್ಲ. ಬಡ್ತಿಯ ಪಟ್ಟಿಯಲ್ಲಿ ಆ ವರ್ಷ ನನ್ನ ಹೆಸರಿತ್ತು. ಆದರೆ ಮುದುಕಿ ಕೇಳಿದ್ದು ಯಾವುದೋ ಒಂದು ಮದುವೆ ಗಾಡಿಯ ಸದ್ದು. ಅಂದು ಅಂಥವು ಹಲವು ಇದ್ದವು. ಇದೇ ಕಾರು, ಇದೇ ಗೊಂಬೆ, ಹಾರ್ನ್ ಬಿಡದೆ ಕೂಗುತ್ತಿತ್ತು ಎಂದು ಕಣ್ಣಾರೆ ಕಂಡು ಹೇಳಬಲ್ಲವರು ನಾವಿಬ್ಬರೇ. ಅಷ್ಟೇ ಅಲ್ಲ, ಅದು ಹೋದ ದಿಕ್ಕು ಗೊತ್ತಿದ್ದದ್ದೂ ನಮಗೇ.

ದಿಕ್ಕಿನ ಕೆಲಸ ಮೊದಲು ಮುಗಿಸಿದೆ. ಚಿಟಗುಪ್ಪಕ್ಕೆ ಫೋನ್ ಮಾಡಿದೆ, ಮಾರುತಿಯನ್ನು ಜೀಪಿನಲ್ಲಿ ಕಳಿಸಿದೆ, ಆಮೇಲೆ ಕುಳಿತು ಬರೆದೆ. ಎರಡೂವರೆಗೆ ಸುದ್ದಿ ಬಂತು. ಕಾರು ಕೊಡಂಬಲ ದಾರಿಯಲ್ಲಿ ಒಂದು ಬಾವಿಯ ಹತ್ತಿರ ನಿಂತಿತ್ತು. ಪೆಟ್ರೋಲ್ ಮುಗಿದಿತ್ತು, ಹಾರ್ನ್ ಸುಟ್ಟು ಮೂಕಾಗಿತ್ತು, ಒಳಗೆ ಯಾರೂ ಇರಲಿಲ್ಲ. ಕಳ್ಳ ಅಂದು ಸಿಗಲಿಲ್ಲ.

ನಾಲ್ಕು ಗಂಟೆಗೆ ಕಾರು ಠಾಣೆಯ ಮುಂದೆ ಬಂತು. ಸಾವುಕಾರರು ಹಾರ್ನ್ ಒತ್ತಿ ನೋಡಿದರು. ಸದ್ದಿಲ್ಲ.

"ನೋಡ್ರಿ! ಮೊದಲೇ ಕೆಡಿಸಿಟ್ಟಾನ. ನಾ ಹೇಳ್ಲಿಲ್ಲೇನು?"

"ಸಾವ್ಕಾರ್ರ, ಹಾರ್ನ್ ಹೊಡದದ. ನನ್ನ ಮುಂದ ಹೊಡದದ. ನಾನೇ ಹಾದಿ ಬಿಟ್ಟೀನಿ."

ಅವರು ನನ್ನನ್ನೂ ಕಾರನ್ನೂ ನೋಡಿದರು. "ನೀವೇ ಬಿಟ್ರಿ?"

"ಹೌದ್ರಿ. ಬಸ್ ನಿಂದ್ರಿಸಿ ಬಿಟ್ಟೀನಿ."

"ಮತ್ತ ಇಷ್ಟೊತ್ತು ಯಾಕ ಸುಮ್ನಿದ್ರಿ?"

"ನಿಮ್ಮ ಅಲಾರಾಂ ಹ್ಯಾಂಗ ಕೂಗ್ತದ ಅಂತ ನಾ ಕೇಳ್ಲಿಲ್ಲ, ನೀವು ಹೇಳ್ಲಿಲ್ಲ."

ಸಾವುಕಾರರು ಗೊಂಬೆಯ ಸೆರಗು ಸರಿಮಾಡಿದರು. ಆಮೇಲೆ, "ಈ ಅಲಾರಾಂ ಕಿತ್ತಿ ಒಗದುಬಿಡ್ಲೇನ್ರಿ ಹಂಗಾದ್ರ?" ಎಂದು ಕೇಳಿದರು.

ಈ ಪ್ರಶ್ನೆಯನ್ನು ಆಮೇಲೆ ಎಷ್ಟೋ ಜನ ನನಗೆ ಕೇಳಿದ್ದಾರೆ. ಅಂದು ಕೊಟ್ಟ ಉತ್ತರವನ್ನೇ ಇಂದೂ ಕೊಡುತ್ತೇನೆ. ಇರಲಿ, ತೆಗೆಸಬೇಡಿ. ಆದರೆ ಅದಕ್ಕೆ ಊರಿನ ಬೇರಾವ ಸದ್ದನ್ನೂ ಹೋಲದ ಸದ್ದು ಬೇಕು. ಆ ಸದ್ದಿನ ಅರ್ಥ ನೆರೆಯ ನಾಲ್ಕು ಮಂದಿಗೆ ತಿಳಿದಿರಬೇಕು. ಯಂತ್ರ ಕೂಗುತ್ತದೆ, ಅಷ್ಟೇ. ಕೇಳಿದವನು ಹೆಜ್ಜೆ ಎತ್ತದಿದ್ದರೆ ಅದರಿಂದ ಉಪಯೋಗವಿಲ್ಲ. ಇದಕ್ಕಿಂತ ದೊಡ್ಡ ಪಾಠ ನನ್ನ ವೃತ್ತಿಗೆ ಸೇರಿದ್ದು. ಒಂಬತ್ತು ಜನ ಇಲ್ಲವೆಂದ ಮಾತ್ರಕ್ಕೆ ಸಂಗತಿ ನಡೆದಿಲ್ಲವೆಂದಲ್ಲ. ನಾನು ತಪ್ಪು ಪ್ರಶ್ನೆಯನ್ನು ಒಂಬತ್ತು ಸಲ ಕೇಳಿದ್ದೆ. ಮುಂದೆ ಯಾವ ಸಾಕ್ಷಿಯನ್ನೂ "ಅದು ಕೇಳಿತೇ" ಎಂದು ವಿಚಾರಿಸಲಿಲ್ಲ. "ಏನು ಕೇಳಿತು" ಎಂದೇ ವಿಚಾರಿಸಿದೆ.

ಸಾವುಕಾರರು ದೂರನ್ನು ಅಪರಿಚಿತನ ಮೇಲೆ ಬರೆಸಿ ಸಹಿ ಹಾಕಿದರು. ವೈಜಿನಾಥನ ಮುಖ ನೋಡದೆ ಕೀಲಿ ಚಾಚಿದರು. "ತೊಗೋ. ಹೊತ್ತಾಗ್ಯದ, ಊರಿಗಿ ಹೋಗೋಣು."

ವೈಜಿನಾಥ ಕೀಲಿಗೆ ಕೈ ಒಡ್ಡಲಿಲ್ಲ. "ತಡೀರಿ ಧಣೇರ," ಎಂದವನೇ ನನ್ನ ಮೇಜಿನ ಮುಂದೆ ಬಂದು ನಿಂತ. "ಜಮಾದಾರ್ರ, ನನಗ ಓದಾಕ ಬರಂಗಿಲ್ಲ. ನೀವು ಬರದದ್ದು ಓದ್ರಿ. ಇವರೂ ಕೇಳ್ಲಿ."

ಸಂಜೆ ಐದೂಕಾಲು. ಠಾಣೆಯ ದಿನಚರಿ ಪುಸ್ತಕ ತೆರೆದು ಓದಿದೆ: "ಸದರಿ ಕಾರು ಹಾರ್ನ್ ಎಡೆಬಿಡದೆ ಬಾರಿಸುತ್ತ ಚೌಕಕ್ಕೆ ಬಂದಾಗ ಮದುವೆಯ ವಾಹನವೆಂದು ಭಾವಿಸಿ, ಇತರ ವಾಹನಗಳನ್ನು ತಡೆದು ನಾನೇ ದಾರಿ ಕೊಟ್ಟಿರುತ್ತೇನೆ. ಚಾಲಕ ವೈಜಿನಾಥನು ಅಲಾರಾಂ ಹಾಕಿದ್ದನೆಂಬುದು ಇದರಿಂದ ಖಚಿತವಾಗುತ್ತದೆ."

"ಕಡೀ ಸಾಲು," ಎಂದ ವೈಜಿನಾಥ. "ಇನ್ನೊಮ್ಮಿ."

ಇನ್ನೊಮ್ಮೆ ಓದಿದೆ. ಅವನು ತಲೆಯಾಡಿಸಿ, ಸಾವುಕಾರರ ಕೈಯಿಂದ ಕೀಲಿ ತೆಗೆದುಕೊಂಡು ಹೊರಗೆ ನಡೆದ. ನಾನು ಆ ಬರಹದ ಕೆಳಗೆ ಸಮಯ ನಮೂದಿಸಿ, ಸಹಿ ಮಾಡಿ, ಪುಸ್ತಕ ಮುಚ್ಚಿದೆ.